ಮಾಂಸ ಚೆನ್ನಾಗಿರುತ್ತದೆ ಎನ್ನುವವರು ಮಾಂಸವನ್ನೇ ಅಳೆದು ತೋರಿಸಲಿ

ಇವರಿಗೆ,
ಪಶು ಆಹಾರದ ನಿಯಮ ಮಾಡುವ, ಅನುಮತಿ ಕೊಡುವ ಅಧಿಕಾರಿಗಳಿಗೆ. ಕೋಳಿ ಫೀಡ್‌ಗೆ ಬೆರೆಸುವ ಗಿಡಮೂಲಿಕೆ ಪುಡಿ, ಎಣ್ಣೆ ತಯಾರಿಸುವ ಎಲ್ಲರಿಗೆ

ವಿಷಯ: ಗಿಡಮೂಲಿಕೆ ಸೇರ್ಪಡೆಗಳ ಚೀಟಿಯಲ್ಲಿ ಇರುವ 'ಮಾಂಸದ ಗುಣಮಟ್ಟ ಹೆಚ್ಚುತ್ತದೆ' ಎಂಬ ಮಾತಿನ ಬಗ್ಗೆ

ಮಾನ್ಯರೇ,

ನಾನು ಮತ್ತು ನನ್ನ ಅಣ್ಣ 12 ವರ್ಷಗಳಿಂದ ಬ್ರಾಯ್ಲರ್ ಕೋಳಿ ಸಾಕುತ್ತಿದ್ದೇವೆ. ಶೆಡ್ ಅಣ್ಣನ ಜವಾಬ್ದಾರಿ. ಕೋಳಿ ಕಡಿದು, ಶುಚಿ ಮಾಡಿ, ತಣ್ಣಗಾಗಿಸಿ, ತುಂಡು ಮಾಡುವ ಕೋಣೆ ನನ್ನದು. ಹಾಗಾಗಿ ಅವನು ಫೀಡ್‌ನಲ್ಲಿ ಏನು ಬದಲಿಸಿದರೂ ಕೆಲವು ವಾರಗಳ ನಂತರ ಅದರ ಫಲ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಈ ಪತ್ರ ಬರೆಯುವ ಧೈರ್ಯ ಬಂದದ್ದು ಅಲ್ಲಿಂದ.

ನಾಲ್ಕು ವರ್ಷಗಳ ಹಿಂದೆ ನಾವು ಬೆಳವಣಿಗೆಗೆಂದು ಫೀಡ್‌ನಲ್ಲಿ ಬೆರೆಸುತ್ತಿದ್ದ ಆಂಟಿಬಯೋಟಿಕ್ ನಿಲ್ಲಿಸಿದೆವು. ಯಾರೂ ಒತ್ತಾಯ ಮಾಡಿರಲಿಲ್ಲ. ಕಾಯಿಲೆ ಇಲ್ಲದ ಕೋಳಿಗೆ ದಿನಾ ಔಷಧ ತಿನ್ನಿಸಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ, ನಾಳೆ ಮನುಷ್ಯರಿಗೇ ಔಷಧ ನಾಟದೆ ಹೋಗಬಹುದು ಎಂದು ಓದಿ ತಿಳಿದ ಮೇಲೆ ಮನಸ್ಸು ಒಪ್ಪಲಿಲ್ಲ. ಸ್ವೀಡನ್ ಈ ಪದ್ಧತಿಯನ್ನು 1986ರಲ್ಲೇ ನಿಲ್ಲಿಸಿತ್ತು. ಇಡೀ ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ಅವರಿಗೆ ಸಾಧ್ಯವಾದದ್ದು ನಮಗೂ ಸಾಧ್ಯ ಅಂದುಕೊಂಡೆವು. ಔಷಧ ಬಿಟ್ಟ ಜಾಗದಲ್ಲಿ ಏನಾದರೂ ಬೇಕಲ್ಲ? ಆಗ ಬಂದದ್ದು ಗಿಡಮೂಲಿಕೆ ಸೇರ್ಪಡೆಗಳು. ಓರೆಗಾನೊ, ಥೈಮ್ ಎಂಬ ಘಾಟು ವಾಸನೆಯ ವಿದೇಶಿ ಸೊಪ್ಪುಗಳು, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಶುಂಠಿ. ನಾವು ತುಂಬು ನಂಬಿಕೆಯಿಂದ ತಂದೆವು.

ಎರಡನೇ ವರ್ಷದ ಒಂದು ಬೆಳಿಗ್ಗೆ ಅಣ್ಣ ಹೊಸ ಚೀಲ ಬಿಚ್ಚಿ ನನ್ನನ್ನು ಕೂಗಿದ. ಒಂದು ಕೈಯಲ್ಲಿ ಹಳೆ ಚೀಲದ ಪುಡಿ, ಇನ್ನೊಂದರಲ್ಲಿ ಹೊಸದು. ಒಂದೇ ಹೆಸರು, ಒಂದೇ ಚೀಟಿ, ಒಂದೇ ಪ್ರಮಾಣ. ಹಳೆಯದು ಮೂಗಿಗೆ ಓಮದಂತೆ ಖಾರವಾಗಿ ಹೊಡೆಯುತ್ತಿತ್ತು. ಹೊಸದರಲ್ಲಿ ಒಣ ಹುಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟೇ: 'ಆಯ್ದ ಗಿಡಮೂಲಿಕೆಗಳ ಮಿಶ್ರಣ. ಬೆಳವಣಿಗೆ, ರೋಗನಿರೋಧಕ ಶಕ್ತಿ ಮತ್ತು ಮಾಂಸದ ಗುಣಮಟ್ಟ ಹೆಚ್ಚಿಸುತ್ತದೆ.' ಯಾವ ಗಿಡ, ಯಾವ ಭಾಗ, ಅದರಲ್ಲಿ ಕೆಲಸ ಮಾಡುವ ಅಂಶ ಎಷ್ಟು, ಒಂದು ಸಾಲೂ ಇರಲಿಲ್ಲ.

ಮಾರಾಟಕ್ಕೆ ಬಂದವರನ್ನು ಕೇಳಿದೆ. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೂತು ಒಂದು ಕೋಷ್ಟಕ ತೋರಿಸಿದರು. ಕೋಳಿಯ ತೂಕ, ತಿಂದ ಫೀಡ್, ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ಎಷ್ಟು ಕಿಲೋ ಫೀಡ್ ಬೇಕಾಯಿತು ಎಂಬ ಲೆಕ್ಕ), ಸತ್ತ ಮರಿಗಳ ಲೆಕ್ಕ. "ಮಾಂಸದ ಬಗ್ಗೆ ಎಲ್ಲಿದೆ?" ಅಂದೆ. "ಕೋಳಿ ಚೆನ್ನಾಗಿ ಬೆಳೆದರೆ ಮಾಂಸವೂ ಚೆನ್ನಾಗೇ ಇರುತ್ತೆ ಅಲ್ವಾ ಮೇಡಂ?" ಅಂದರು.

ಇಲ್ಲ, ಮಾನ್ಯರೇ. ಹಾಗಿರುವುದಿಲ್ಲ. ಬೇಗ ಬೆಳೆದ ಕೋಳಿಯ ಮಾಂಸ ಎಷ್ಟೋ ಸಲ ಕೆಟ್ಟದಾಗಿರುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ, ನನ್ನ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಮಾಂಸದ ಗುಣಮಟ್ಟ ಅಂದರೆ ಏನು ಎಂದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಬದುಕಿರುವ ಕೋಳಿಯ ಸ್ನಾಯುವಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 7ರ ಹತ್ತಿರ ಇರುತ್ತದೆ. ಕಡಿದ ಮೇಲೆ ಸ್ನಾಯುವಿನಲ್ಲಿ ಉಳಿದ ಸಕ್ಕರೆಯಂಥ ದಾಸ್ತಾನು ಕರಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಪಿಎಚ್ ನಿಧಾನಕ್ಕೆ ಇಳಿದು ಮರುದಿನದ ಹೊತ್ತಿಗೆ ಎದೆ ಮಾಂಸದಲ್ಲಿ 5.8ರ ಆಸುಪಾಸು ನಿಂತರೆ ಒಳ್ಳೆಯದು. ಮಾಂಸ ಇನ್ನೂ ಬಿಸಿಯಾಗಿರುವಾಗಲೇ ಪಿಎಚ್ ದಬಕ್ಕನೆ ಬಿದ್ದರೆ ಪ್ರೋಟೀನು ಹಾಳಾಗಿ ನೀರು ಹಿಡಿದುಕೊಳ್ಳುವ ಶಕ್ತಿ ಹೋಗುತ್ತದೆ. ಅಂಥ ಎದೆ ತುಂಡು ಬೆಳ್ಳಗೆ, ಮೆತ್ತಗೆ ಇರುತ್ತದೆ. ತಟ್ಟೆಯಲ್ಲಿಟ್ಟರೆ ನೀರು ಬಿಡುತ್ತದೆ. ಬೇಯಿಸಿದರೆ ಇನ್ನೂ ಕುಗ್ಗಿ ನಾರು ನಾರಾಗುತ್ತದೆ.

ಇನ್ನೊಂದು ವಿಷಯ ಕೊಬ್ಬು. ಕೋಳಿ ಮಾಂಸದ ಕೊಬ್ಬಿನಲ್ಲಿ ಬೇಗ ಗಾಳಿಗೆ ಕೆಡುವ ಬಗೆಯ ಅಂಶ ದನ, ಕುರಿಯ ಕೊಬ್ಬಿಗಿಂತ ಜಾಸ್ತಿ. ತೊಡೆ ಮಾಂಸದಲ್ಲಿ ಕೊಬ್ಬೂ ಹೆಚ್ಚು, ಕಬ್ಬಿಣದ ಅಂಶವೂ ಹೆಚ್ಚು. ಹಾಗಾಗಿ ಎದೆಗಿಂತ ತೊಡೆ ಬೇಗ ಕಮಟು ಹಿಡಿಯುತ್ತದೆ. ಬೇಯಿಸಿ ಫ್ರಿಜ್‌ನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ ಒಂದು ಹಳಸಲು ವಾಸನೆ ಬರುತ್ತದಲ್ಲ, ಅದೂ ಇದರ ಫಲ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಪರೀಕ್ಷೆ ಇದೆ. ಕೊಬ್ಬು ಕೆಟ್ಟಾಗ ಹುಟ್ಟುವ ಮಾಲೊಂಡಿಯಾಲ್ಡಿಹೈಡ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ನೀರು ಬಿಡುವುದನ್ನು ಅಳೆಯಬಹುದು, ಬಣ್ಣ ಅಳೆಯಬಹುದು, ಕತ್ತರಿಸಲು ಎಷ್ಟು ಬಲ ಬೇಕು ಎಂದೂ ಅಳೆಯಬಹುದು. ಅಳತೆಗೋಲು ಇಲ್ಲದ ವಿಷಯವೇ ಅಲ್ಲ ಇದು. ಹಾಗಿದ್ದೂ ನಾನು ನೋಡಿದ ಚೀಟಿಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಗಿಡಮೂಲಿಕೆಯ ವಿರುದ್ಧ ಪತ್ರ ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಅದರಲ್ಲಿ ಸತ್ವ ಇದೆ ಎಂದು ನಂಬುತ್ತೇನೆ. ಓರೆಗಾನೊದಲ್ಲಿರುವ ಕಾರ್ವಕ್ರಾಲ್, ಥೈಮ್‌ನಲ್ಲೂ ಓಮದಲ್ಲೂ ಇರುವ ಥೈಮಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಲವಂಗದ ಯುಜೆನಾಲ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯಬಲ್ಲವು. ರೋಸ್‌ಮರಿ ಎಂಬ ಸುವಾಸನೆಯ ಗಿಡದ ಕಾರ್ನೋಸಿಕ್ ಆಮ್ಲ, ಹಸಿರು ಚಹಾದ ಕ್ಯಾಟೆಚಿನ್, ದ್ರಾಕ್ಷಿ ಬೀಜದ ಪಾಲಿಫೀನಾಲ್‌ಗಳು ಕೊಬ್ಬು ಕೆಡುವುದನ್ನು ತಡೆಯುವ ಗುಣದವು. 2002ರಲ್ಲಿ ಗ್ರೀಸ್‌ನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದು ಕಿಲೋ ಫೀಡ್‌ಗೆ 50 ಮತ್ತು 100 ಮಿಲಿಗ್ರಾಂ ಓರೆಗಾನೊ ಎಣ್ಣೆ ಬೆರೆಸಿ ಬ್ರಾಯ್ಲರ್ ಸಾಕಿದರು. ಆ ಕೋಳಿಗಳ ಮಾಂಸದ ಕೊಬ್ಬು ನಿಧಾನವಾಗಿ ಕೆಟ್ಟಿತು. ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ ಕಿಲೋಗೆ 200 ಮಿಲಿಗ್ರಾಂ ವಿಟಮಿನ್ ಇ ಕೊಟ್ಟಿದ್ದರು. ಆ ಗುಂಪಿನ ಮಾಂಸ ಇನ್ನೂ ಚೆನ್ನಾಗಿ ಉಳಿಯಿತು. ನನಗೆ ಈ ಪ್ರಯೋಗ ಇಷ್ಟವಾದದ್ದು ಅದರ ಪ್ರಾಮಾಣಿಕತೆಗೆ. ಎಣ್ಣೆಯ ಪ್ರಮಾಣ ಹೇಳಿದ್ದಾರೆ, ಮಾಂಸವನ್ನೇ ಅಳೆದಿದ್ದಾರೆ, ತಮ್ಮ ಗಿಡಕ್ಕಿಂತ ಮೇಲಾದದ್ದು ಇದೆ ಎಂದೂ ತೋರಿಸಿದ್ದಾರೆ. ನಾವು ಕೇಳುವುದೂ ಇಷ್ಟನ್ನೇ.

ಪ್ರಚಾರದ ಹಾಳೆಗಳು ಎರಡು ಕಡೆ ಗೊಂದಲ ಮಾಡಿಬಿಡುತ್ತವೆ. ಒಂದು, ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ಚಿತ್ರ ಹಾಕಿ ಕೋಳಿಯ ಕರುಳಿನಲ್ಲೂ ಹಾಗೇ ಆಗುತ್ತದೆ ಎನ್ನುವುದು. ಈ ಎಣ್ಣೆಗಳ ಬಹುಪಾಲು ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಹೀರಿಹೋಗುತ್ತದೆ. ಕರುಳಿನ ಕೊನೆಗೆ, ರೋಗಾಣುಗಳು ಜಾಸ್ತಿ ಇರುವ ಕಡೆಗೆ, ತಲುಪುವುದು ಸ್ವಲ್ಪವೇ. ಅದಕ್ಕೇ ಕೆಲವರು ಎಣ್ಣೆಯನ್ನು ಕೊಬ್ಬಿನ ಸಣ್ಣ ಗುಳಿಗೆಯೊಳಗೆ ಅಡಗಿಸಿ ಕೊಡುತ್ತಾರೆ. ಎರಡನೆಯದು ಇನ್ನೂ ದೊಡ್ಡ ಗೊಂದಲ. ಕಡಿದ ಮಾಂಸಕ್ಕೆ ನೇರವಾಗಿ ರೋಸ್‌ಮರಿ ಸಾರ ಹಚ್ಚಿದರೆ ಕೊಬ್ಬು ಕೆಡುವುದು ನಿಧಾನವಾಗುತ್ತದೆ. ಇದು ಚೆನ್ನಾಗಿ ಗೊತ್ತಿರುವ ವಿಷಯ, ಆಹಾರ ಉದ್ಯಮದಲ್ಲಿ ಬಳಕೆಯಲ್ಲೂ ಇದೆ. ಅದೇ ರೋಸ್‌ಮರಿಯನ್ನು ಕೋಳಿ ತಿಂದು, ಅರಗಿಸಿ, ಲಿವರ್ ಅದನ್ನು ಬದಲಿಸಿ, ಉಳಿದದ್ದು ಸ್ನಾಯುವಿಗೆ ಸೇರುವುದು ಬೇರೆಯೇ ದಾರಿ. ವಿಟಮಿನ್ ಇ ಕೊಬ್ಬಿನಲ್ಲಿ ಕರಗಿ ಜೀವಕೋಶದ ಪೊರೆಯಲ್ಲೇ ಹೋಗಿ ಕೂರುತ್ತದೆ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ಹೀರಿಕೊಳ್ಳುವುದೇ ಕಡಿಮೆ. ಮಾಂಸಕ್ಕೆ ಹಚ್ಚಿದ ಫಲಿತಾಂಶ ತೋರಿಸಿ ಕೋಳಿಗೆ ತಿನ್ನಿಸುವ ಪುಡಿ ಮಾರುವುದು ನ್ಯಾಯವಲ್ಲ.

ಚೀಲದ ವಾಸನೆ ಏಕೆ ಬದಲಾಯಿತು ಎಂದು ನಾನು ಆಮೇಲೆ ಕಲಿತೆ. ಗಿಡ ಬೆಳೆದ ಜಾಗ, ಕೊಯ್ದ ಕಾಲ, ತಳಿ, ಒಣಗಿಸಿದ ರೀತಿ ಬದಲಾದರೆ ಎಣ್ಣೆಯೂ ಬದಲಾಗುತ್ತದೆ. ಒಂದೇ ಓರೆಗಾನೊದಲ್ಲಿ ಒಂದು ಕಡೆ ಕಾರ್ವಕ್ರಾಲ್ ತುಂಬಿರಬಹುದು, ಇನ್ನೊಂದು ಕಡೆ ಬಹಳ ಕಡಿಮೆ ಇರಬಹುದು. ಸಾಲದ್ದಕ್ಕೆ ಇವು ಹಾರಿಹೋಗುವ ಎಣ್ಣೆಗಳು. ಫೀಡನ್ನು ಪೆಲೆಟ್, ಅಂದರೆ ಗಟ್ಟಿ ಸಣ್ಣ ತುಣುಕು, ಮಾಡುವಾಗ ಅದಕ್ಕೆ ಹಬೆ ಹಾಯಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡುತ್ತಾರೆ. ರಕ್ಷಣೆ ಇಲ್ಲದ ಎಣ್ಣೆ ಅಲ್ಲೇ ಎಷ್ಟೋ ಹೋಗುತ್ತದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತರೆ ಇನ್ನಷ್ಟು. ಇದೆಲ್ಲ ತಯಾರಕರಿಗೆ ಗೊತ್ತಿರುವ ಸಂಗತಿ. ಚೀಟಿಯಲ್ಲಿ ಮಾತ್ರ ಇಲ್ಲ.

ನಮ್ಮ ಕೈಲಾದ ಪರೀಕ್ಷೆಯನ್ನು ನಾವೂ ಮಾಡಿದೆವು. ಅಣ್ಣ ಶೆಡ್‌ನ ನಡುವೆ ಬಲೆ ಕಟ್ಟಿ ಒಂದೇ ದಿನದ ಮರಿಗಳನ್ನು ಎರಡು ಭಾಗ ಮಾಡಿದ. ಒಂದು ಕಡೆಗೆ ಪುಡಿ ಬೆರೆಸಿದ ಫೀಡ್, ಇನ್ನೊಂದು ಕಡೆಗೆ ಬರೀ ಫೀಡ್. ಕಡಿದ ದಿನ ನಾನು ಎರಡೂ ಕಡೆಯ ಎದೆ ತುಂಡುಗಳನ್ನು ತೂಗಿ, ದಾರ ಕಟ್ಟಿ, ಚೀಲದೊಳಗೆ ಗೋಡೆಗೆ ತಾಗದಂತೆ ತೂಗುಹಾಕಿ, 4 ಡಿಗ್ರಿಯಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಿದೆ. ಎಷ್ಟು ನೀರು ಸೋರಿತು ಎಂದು ನೋಡುವ ಸರಳ ವಿಧಾನ ಇದು. ಮೂರು ಬ್ಯಾಚ್ ಹೀಗೆ ಮಾಡಿದೆ. ಪುಡಿ ತಿಂದ ಕೋಳಿಗೂ ತಿನ್ನದ ಕೋಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ವಿಜ್ಞಾನಿಗಳ ಪ್ರಯೋಗಕ್ಕೆ ಸಮವಲ್ಲ, ಗೊತ್ತು. ಒಂದು ಶೆಡ್, ಒಂದು ಪುಡಿ. ಆದರೆ ವ್ಯತ್ಯಾಸ ಕಂಡದ್ದು ಎಲ್ಲಿ ಗೊತ್ತೇ? ಮೂರನೇ ಬ್ಯಾಚ್ ಸುಡುವ ಬಿಸಿಲಿನಲ್ಲಿ ಬಂತು. ಮಧ್ಯಾಹ್ನ ಹಿಡಿದು, ಪಂಜರದಲ್ಲಿ ಒತ್ತೊತ್ತಾಗಿ ತುಂಬಿ ತಂದ ಕೋಳಿಗಳ ಎದೆ ಎರಡೂ ಗುಂಪಿನಲ್ಲಿ ಬೆಳ್ಳಗೆ, ನೀರು ನೀರಾಗಿತ್ತು. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಮೈ ತಂಪು ಮಾಡಿಕೊಳ್ಳಲು ಬಾಯಿ ಬಿಟ್ಟು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ. ಅದರ ಕಷ್ಟ ನೇರವಾಗಿ ಸ್ನಾಯುವಿಗೆ ಇಳಿಯುತ್ತದೆ. ಮುಂದಿನ ಬ್ಯಾಚ್‌ನಿಂದ ನಸುಕಿನಲ್ಲೇ ಹಿಡಿಯಲು ಶುರು ಮಾಡಿದೆವು. ಪಂಜರಕ್ಕೆ ಕಡಿಮೆ ಕೋಳಿ ಹಾಕಿದೆವು. ತಂದ ಮೇಲೆ ನೆರಳಲ್ಲಿ ಸ್ವಲ್ಪ ಹೊತ್ತು ಬಿಟ್ಟೆವು. ಕಡಿದ ತಕ್ಷಣ ಎದೆ ಬಿಡಿಸುವುದನ್ನು ನಿಲ್ಲಿಸಿ, ತಣ್ಣಗಾಗಿ ನಾಲ್ಕು ಗಂಟೆ ಕಳೆದ ಮೇಲೆ ಬಿಡಿಸಿದೆವು. ಮಾಂಸ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಚೀಲದ ಚೀಟಿ ಇದನ್ನು ಹೇಳುವುದಿಲ್ಲ, ಏಕೆಂದರೆ ಇದನ್ನು ಚೀಲದಲ್ಲಿ ತುಂಬಿ ಮಾರಲು ಬರುವುದಿಲ್ಲ.

ಇನ್ನು ಬೆಳವಣಿಗೆಯ ವೇಗ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. 1957ರ ತಳಿ, 1978ರ ತಳಿ, 2005ರ ತಳಿ, ಮೂರನ್ನೂ ಒಂದೇ ಆಹಾರ ಕೊಟ್ಟು ಒಟ್ಟಿಗೆ ಸಾಕಿದರು. 56ನೇ ದಿನ ಮೊದಲನೆಯದು ಸುಮಾರು 905 ಗ್ರಾಂ, ಎರಡನೆಯದು ಸುಮಾರು 1,808 ಗ್ರಾಂ, ಮೂರನೆಯದು ಸುಮಾರು 4,202 ಗ್ರಾಂ ತೂಗಿತು. ಆಹಾರ ಒಂದೇ. ಬದಲಾದದ್ದು ತಳಿ. ಇಷ್ಟು ಬೇಗ ಉಬ್ಬಿದ ಎದೆಯ ಸ್ನಾಯುವಿಗೆ ರಕ್ತ, ಆಮ್ಲಜನಕ ಸಾಕಾಗುವುದಿಲ್ಲ. ಕೆಲವು ಎದೆಗಳ ಮೇಲೆ ಬಿಳಿ ಗೆರೆಗಳು ಮೂಡುತ್ತವೆ. ಕೆಲವು ಮರದ ತುಂಡಿನಂತೆ ಗಟ್ಟಿಯಾಗುತ್ತವೆ. ಕೆಲವು ಬೆರಳಿಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಮೂರೂ ಬಗೆ ನನ್ನ ಮೇಜಿಗೆ ಬಂದಿವೆ. ಒಂದು ಗಟ್ಟಿ ಎದೆಯನ್ನು ಕೈಯಲ್ಲಿ ಹಿಡಿದಾಗ, ಈ ಕೋಳಿ ನಡೆಯುವಾಗ ಎಷ್ಟು ನೋವು ತಿಂದಿತೋ ಅನಿಸಿ ಬೇಸರವಾಗುತ್ತದೆ. ಚಿಟಿಕೆ ಪುಡಿಯಿಂದ ಇದು ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ರೈತರನ್ನು ದಾರಿ ತಪ್ಪಿಸುತ್ತಿದ್ದಾರೆ.

ಬಣ್ಣದ ಮಾತೂ ಒಂದಿದೆ. ಚೆಂಡು ಹೂವಿನ ಸಾರದಲ್ಲಿ ಲ್ಯೂಟಿನ್ ಎಂಬ ಹಳದಿ ಅಂಶ ಇದೆ. ಫೀಡ್‌ಗೆ ಬೆರೆಸಿದರೆ ಕೋಳಿಯ ಚರ್ಮ, ಕೊಬ್ಬು ಹಳದಿಯಾಗುತ್ತವೆ. ಅದರಲ್ಲಿ ಅಪಾಯವೇನಿಲ್ಲ. ಆದರೆ ಹಳದಿ ಕೋಳಿ ಅಂದರೆ ಆರೋಗ್ಯದ ಕೋಳಿ ಎಂದು ಕೊಳ್ಳುವವರು ನಂಬುತ್ತಾರೆ. ಬಣ್ಣಕ್ಕೆಂದು ಬೆರೆಸಿದ್ದನ್ನು ಬಣ್ಣಕ್ಕೆಂದೇ ಹೇಳಲಿ.

ಅಧಿಕಾರಿಗಳಲ್ಲಿ ನನ್ನ ಮೊದಲ ಬೇಡಿಕೆ ಚೀಟಿಯ ಬಗ್ಗೆ. ಗಿಡದ ಹೆಸರು, ಬಳಸಿದ ಭಾಗ, ಮುಖ್ಯ ಅಂಶ ಒಂದು ಕಿಲೋದಲ್ಲಿ ಎಷ್ಟು ಗ್ರಾಂ, ತಯಾರಾದ ದಿನ, ಪೆಲೆಟ್ ಬಿಸಿಗೆ ಅದು ತಡೆಯುತ್ತದೋ ಇಲ್ಲವೋ, ಎಷ್ಟು ತಿಂಗಳು ಸತ್ವ ಉಳಿಯುತ್ತದೆ, ಇಷ್ಟು ಕಡ್ಡಾಯವಾಗಲಿ. ಫೀಡ್‌ಗೆ ಬೆರೆಸುವ ವಿಟಮಿನ್ ಮಿಶ್ರಣದ ಚೀಲದ ಮೇಲೆ ಅಂಕಿ ಬರೆಯಲು ಆಗುವುದಾದರೆ ಇದಕ್ಕೇಕೆ ಆಗುವುದಿಲ್ಲ? 'ಗುಟ್ಟಿನ ಮಿಶ್ರಣ' ಎಂಬ ನೆಪ ಬೇಡ. ಗುಟ್ಟು ಬೆರೆಸುವ ರೀತಿಯಲ್ಲಿರಲಿ, ಕೋಳಿಯ ಹೊಟ್ಟೆಗೆ ಹೋಗುವುದರಲ್ಲಿ ಬೇಡ.

ಹೇಳುವ ಮಾತಿಗೂ ಅನುಮತಿಗೂ ತಾಳೆಯಿರಲಿ. ಐರೋಪ್ಯ ಒಕ್ಕೂಟದ 2003ರ ನಿಯಮದಲ್ಲಿ ಫೀಡ್‌ಗೆ ಪರಿಮಳ ಕೊಡುವ ವಸ್ತುಗಳು ಒಂದು ಗುಂಪು, ಪ್ರಾಣಿಯ ಬೆಳವಣಿಗೆ, ಜೀರ್ಣದ ಮೇಲೆ ಕೆಲಸ ಮಾಡುವವು ಇನ್ನೊಂದು ಗುಂಪು. ಪರಿಮಳವೆಂದು ಅನುಮತಿ ಪಡೆದು ಔಷಧದಂತೆ ಮಾರುವುದಕ್ಕೆ ಎಲ್ಲಿಯೂ ಅವಕಾಶ ಇರಬಾರದು. 'ಮಾಂಸದ ಗುಣಮಟ್ಟ' ಎಂದು ಬರೆಯುವವರು ಪಿಎಚ್, ನೀರು ಸೋರಿಕೆ, ಕೊಬ್ಬು ಕೆಡುವ ಪ್ರಮಾಣ ಇವನ್ನು ಅಳೆದ ಫಲಿತಾಂಶ ಒಪ್ಪಿಸಲಿ. ಪುಡಿ ತಿನ್ನದ ಗುಂಪಿನ ಜೊತೆಗೂ, ವಿಟಮಿನ್ ಇ ತಿಂದ ಗುಂಪಿನ ಜೊತೆಗೂ ಹೋಲಿಸಲಿ. ಚೊಕ್ಕಟವಾದ ಪ್ರಯೋಗ ಶೆಡ್‌ನಲ್ಲಿ ಅಲ್ಲದೆ ಹಾಸು ಒದ್ದೆಯಾಗುವ, ಬಿಸಿಲು ಬಡಿಯುವ ನಿಜವಾದ ಶೆಡ್‌ಗಳಲ್ಲೂ ಮಾಡಲಿ. ಪುಡಿ ಕೆಲಸ ಮಾಡದ ಪ್ರಯೋಗಗಳನ್ನೂ ಮುಚ್ಚಿಡದೆ ಪ್ರಕಟಿಸಲಿ.

ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಪರೀಕ್ಷೆ ಬಿಡಬೇಡಿ. ಸರಿಯಾಗಿ ಒಣಗಿಸದ ಮೂಲಿಕೆಯಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಅರಿಶಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿ ಜಗತ್ತಿಗೆ ತಿಳಿದದ್ದೇ. ಕೀಟನಾಶಕದ ಉಳಿಕೆಯೂ ಇರಬಹುದು. ಇದು ಕೋಳಿಯ ಮೂಲಕ ತಿನ್ನುವವರ ತಟ್ಟೆಗೆ ಬರುವ ವಿಷಯ.

ತಯಾರಕರಿಗೆ ಒಂದು ಮಾತು. ನಿಮ್ಮಲ್ಲಿ ಪ್ರಾಮಾಣಿಕವಾಗಿ ಅಂಶ ಅಳೆದು, ಗುಳಿಗೆ ಮಾಡಿ, ಪರೀಕ್ಷೆ ಮಾಡಿಸುವವರು ಇದ್ದೀರಿ. ಸುಳ್ಳು ಚೀಟಿಯಿಂದ ಮೊದಲು ನಷ್ಟವಾಗುವುದು ನಿಮಗೇ. ಎರಡು ಚೀಲವೂ ಒಂದೇ ಥರ ಕಂಡರೆ ರೈತ ಕಡಿಮೆ ಖರ್ಚಿನದನ್ನು ಎತ್ತಿಕೊಳ್ಳುತ್ತಾನೆ.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣ ಚೀಲಕ್ಕೆ ಹಾಕಿದ ಹಣವಲ್ಲ. ಆಂಟಿಬಯೋಟಿಕ್ ಬಿಟ್ಟ ನಮ್ಮಂಥವರು ಈ ಮೂಲಿಕೆಗಳನ್ನೇ ನಂಬಿಕೊಂಡಿದ್ದೇವೆ. ವಾಸನೆಯೇ ಇಲ್ಲದ ಪುಡಿ ತಿನ್ನಿಸಿ, ಮರಿಗಳ ಕರುಳು ಕೆಟ್ಟು, ಬ್ಯಾಚ್ ಸೋತಾಗ ರೈತ ಏನು ಮಾಡುತ್ತಾನೆ? ಹಳೆ ಔಷಧದ ಡಬ್ಬಿಗೇ ಕೈ ಹಾಕುತ್ತಾನೆ. ಪಕ್ಕದ ಶೆಡ್‌ನವರು ಹಾಗೆ ವಾಪಸ್ ಹೋದದ್ದನ್ನು ನಾನು ನೋಡಿದ್ದೇನೆ. "ನಿಮ್ಮ ಗಿಡಮೂಲಿಕೆ ಎಲ್ಲ ಬರೀ ಮಾತು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಣ್ಣನ ಮುಖದಲ್ಲೂ ಆ ಅನುಮಾನ ಕಾಣತೊಡಗಿದೆ.

ಕೊನೆಯದಾಗಿ, ಸಣ್ಣ ಸಾಕಣೆದಾರರು ತಮ್ಮ ಮಾಂಸದ ಮಾದರಿ ಕಳಿಸಿ ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತೇನೆ. ನೀವು ನಿಜವಾದ ಶೆಡ್‌ನಲ್ಲಿ ಪ್ರಯೋಗ ಮಾಡುವುದಾದರೆ ನಮ್ಮ ಶೆಡ್ ಕೊಡುತ್ತೇವೆ. ನಡುವಿನ ಬಲೆ ಇನ್ನೂ ಬಿಚ್ಚಿಲ್ಲ. ಮೂರು ಬ್ಯಾಚ್‌ಗಳ ತೂಕದ ಲೆಕ್ಕ ಬರೆದ ನೋಟ್‌ಬುಕ್ ಹಾಗೇ ಇಟ್ಟಿದ್ದೇನೆ, ಕೇಳಿದ ದಿನ ತಂದು ಒಪ್ಪಿಸುತ್ತೇನೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ,
ಕೋಳಿ ಸಾಕಿ, ಕಡಿದು ಕೊಡುವ ಒಬ್ಬ ಹೆಣ್ಣುಮಗಳು